ಸುಶ್ರುತಸಂಹಿತೆಯಲ್ಲಿ ಉದರಶಸ್ತ್ರಕರ್ಮಾನಂತರದ ವೇದನೋಪಶಮನ

ಪ್ರಾಚೀನ ಭಾರತದ ಶಸ್ತ್ರವೈದ್ಯವನ್ನು ಪ್ರಶಂಸಿಸುವವರು, ಸುಶ್ರುತನು ರೋಗಿಗೆ ಮದ್ಯವನ್ನು ಕುಡಿಸಿ ನೋವು ತಿಳಿಯದಂತೆ ಶಸ್ತ್ರವನ್ನು ಪ್ರಯೋಗಿಸುತ್ತಿದ್ದನೆಂದು ಹೇಳುವುದುಂಟು. ಮಾತು ಕೇವಲ ನಿರಾಧಾರವಾದುದಲ್ಲ. ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕೆಂದೂ, ನೋವನ್ನು ತಾಳಲಾರದವನು ಮದ್ಯಪಾನದ ಅಭ್ಯಾಸವುಳ್ಳವನಾದರೆ ಅವನಿಗೆ ತೀಕ್ಷ್ಣಮದ್ಯವನ್ನು ಕುಡಿಸಬೇಕೆಂದೂ ಸೂತ್ರಸ್ಥಾನದ 17ನೆಯ ಅಧ್ಯಾಯದಲ್ಲಿದೆ. ಆದರೆ ಆ ವಿಧಿಯು ಬಂದಿರುವುದು ಬಾವಿನ ಪ್ರಕರಣದಲ್ಲಿ. ಅದೇ ಸ್ಥಾನದ 5ನೆಯ ಅಧ್ಯಾಯವಾದರೋ ಮೂಢಗರ್ಭ, ಉದರ, ಅರ್ಶಸ್ಸು, ಅಶ್ಮರಿ, ಭಗಂದರ, ಮುಖರೋಗ ಇವುಗಳಲ್ಲಿ ಉಣ್ಣದಿರುವವನಿಗೇ ಶಸ್ತ್ರಕರ್ಮವನ್ನು ಮಾಡಬೇಕೆಂದು ವಿಧಿಸುತ್ತದೆ. ಹೊಟ್ಟೆಯನ್ನು ಸೀಳಿಸಿಕೊಳ್ಳುವವನಿಗೆ ಅನ್ನದ ಬಲವಿಲ್ಲ. ಮದ್ಯದ ಮಾತೂ ಆ ಕರ್ಮದ ವಿಧಿಯಲ್ಲಿ ಬಂದಿಲ್ಲ.

ಆ ಕರ್ಮವಾದರೂ ಅಲ್ಪವಾದುದಲ್ಲ. ಚಿಕಿತ್ಸಾಸ್ಥಾನದ 14ನೆಯ ಅಧ್ಯಾಯದಂತೆ, ಬದ್ಧಗುದದಲ್ಲಿ ನಾಭಿಯ ಕೆಳಗೆ, ರೋಮರೇಖೆಯಿಂದ ಎಡಕ್ಕೆ ನಾಲ್ಕು ಅಂಗುಲ ಬಿಟ್ಟು ಸೀಳಿ, ಕರುಳನ್ನು ನಾಲ್ಕು ಅಂಗುಲದಷ್ಟು ಹೊರಕ್ಕೆಳೆದು ನೋಡಿ, ದಾರಿಗಟ್ಟಿದ ಕಲ್ಲು, ಕೂದಲು, ಮಲ ಮೊದಲಾದುವನ್ನು ತೆಗೆದು, ಜೇನುತುಪ್ಪವನ್ನೂ ತುಪ್ಪವನ್ನೂ ಸವರಿ ಒಳಗಿಟ್ಟು ಹೊಲಿಯಬೇಕು. ಕರುಳು ತೂತಾಗಿದ್ದರೆ ಕರಿಯ ಇರುವೆಗಳಿಂದ ಅಂಚುಗಳನ್ನು ಕಚ್ಚಿಸಿ, ತಲೆಗಳನ್ನುಳಿಸಿ ಮೈಯನ್ನು ಕತ್ತರಿಸಬೇಕು. ಇದನ್ನೆಲ್ಲ ಎಚ್ಚರವಿದ್ದ ಮನುಷ್ಯನು ಸಹಿಸಬೇಕಾಗಿತ್ತೆಂಬುದನ್ನು ಪ್ರಶಂಸೆಯ ಭರದಲ್ಲಿ ನಾವು ಮರೆಯಲಾಗದು.

ಗ್ರಂಥಕಾರನ ನಿಜವಾದ ಸೂಕ್ಷ್ಮತೆಯು ತೋರುವುದು ಅನಂತರದ ಉಪಚಾರದಲ್ಲಿ. ಶಸ್ತ್ರವು ತಾಕಿದುದರಿಂದ ಹುಟ್ಟಿ ಆಮೇಲೆ ದೇಹವನ್ನು ಸುಡುವ ನೋವನ್ನು ಅವನು ಬೇರೆಯಾಗಿಯೇ ಎಣಿಸಿ, 5ನೆಯ ಅಧ್ಯಾಯದ ಕೊನೆಯಲ್ಲಿ ಅದಕ್ಕೆ ಮದ್ದನ್ನೂ ಹೇಳಿದ್ದಾನೆ: ಯಷ್ಟಿಮಧು ಸೇರಿಸಿದ ಉಗುರುಬೆಚ್ಚನೆಯ ತುಪ್ಪದ ಸೇಚನ. ಕಟ್ಟನ್ನು ಮೂರನೆಯ ದಿನ ಬಿಚ್ಚಬೇಕು. ಎರಡನೆಯ ದಿನವೇ ಬಿಚ್ಚಿದರೆ ಗಾಯವು ಬೇಗ ಮಾಯದೆ ತೀವ್ರವಾದ ನೋವಾಗುವುದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಉದರರೋಗಿಗಾದರೆ ಹೊಲಿಗೆಯ ಮೇಲೆ ಯಷ್ಟಿಮಧು ಬೆರಸಿದ ಕರಿಮಣ್ಣಿನ ಲೇಪವನ್ನಿಟ್ಟು ಕಟ್ಟಿ, ಗಾಳಿಯಿಲ್ಲದ ಮನೆಗೆ ಒಯ್ದು, ಎಣ್ಣೆಯ ಅಥವಾ ತುಪ್ಪದ ದೋಣಿಯಲ್ಲಿರಿಸಿ ಹಾಲಿನಿಂದಲೇ ಪೋಷಿಸಬೇಕು. ನೋವಿಗೆಲ್ಲ ವಾತವೇ ಮೂಲವೆಂದು ನಂಬಿದವನಿಗೆ ಸ್ನೇಹದ್ರವ್ಯವು ಸಹಜವಾದ ಆಯ್ಕೆ. ಎರಡು ಸ್ಥಾನಗಳಲ್ಲಿಯೂ ಯಷ್ಟಿಮಧುವೇ ಬಂದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಈ ಎರಡು ನೋವುಗಳ ಭೇದವು ಈಚಿನ ಚರಿತ್ರೆಯಲ್ಲಿಯೂ ಕಾಣುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗವು ಬಹಿರಂಗವಾಗಿ ನಡೆದ ಮೇಲೆ ಕೊಯ್ಯುವಾಗಿನ ನೋವು ಸೋತಿತು. ಎಚ್ಚೆತ್ತ ಮೇಲಿನ ನೋವು ಸೋಲಲಿಲ್ಲ. ಹೊಟ್ಟೆಯ ಗಾಯವುಳ್ಳವನು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯನು, ಕೆಮ್ಮನು. ಕಫವು ನಿಂತು ಶ್ವಾಸಕೋಶವು ಕೆಡುವುದು. ಮಾರ್ಫೀನನ್ನು ಕೊಟ್ಟರೆ ನೋವು ತಗ್ಗುವುದು, ಆದರೆ ಪ್ರಮಾಣ ಮೀರಿದರೆ ಉಸಿರೇ ಕುಗ್ಗುವುದು, ಕರುಳೂ ಜಡವಾಗುವುದು. ಬೆನ್ನುಹುರಿಯ ಬಳಿಗೇ ಸ್ವಲ್ಪ ಮಾರ್ಫೀನನ್ನು ಸೇರಿಸುವ ಕ್ರಮವು ಮನುಷ್ಯರಲ್ಲಿ ವರದಿಯಾದುದು 1979ರಲ್ಲಿ.

ಸುಶ್ರುತನ ತುಪ್ಪವನ್ನು ಇದಕ್ಕೆ ಸಮಾನವೆಂದು ಯಾರೂ ವಾದಿಸಬೇಕಾಗಿಲ್ಲ. ಕೆಲವರು ಅವನ ಉಪಚಾರದಲ್ಲಿ ಅಫೀಮನ್ನು ಕಾಣಲೆಳಸುವರು, ಅದೂ ಸಲ್ಲದು. ಸಂಹಿತೆಯಲ್ಲಿ ಅಹಿಫೇನದ ಹೆಸರಿಲ್ಲ. ಅದು ಶಾರ್ಙ್ಗಧರಸಂಹಿತೆಯಂತಹ ಮಧ್ಯಯುಗದ ಗ್ರಂಥಗಳಲ್ಲಿ ಬರುವ ದ್ರವ್ಯ.