ಕುಪ್ಪಳಿಯ ಮನೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಮಲೆನಾಡಿನ ಒಕ್ಕಲು ಮನೆತನವೊಂದರ ಉಪ್ಪರಿಗೆಯ ತೊಟ್ಟಿಮನೆಯುಂಟು. 1904ರಲ್ಲಿ ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಬೆಳೆದುದು ಈ ಮನೆಯಲ್ಲಿ. ಅಂದು ಇದು ಬೇಸಾಯಗಾರರ ಮನೆ. ಭತ್ತ, ಅಡಕೆ, ಆಳುಕಾಳುಗಳ ದುಡಿಮೆ ಇವುಗಳ ಮೇಲೆ ಇಂತಹ ಮನೆಗಳ ಬಾಳು ನಿಂತಿದ್ದಿತು.

ಮಲೆನಾಡಿನ ಮಳೆಯಲ್ಲಿ ಒಲೆಯಾರಿದ ಮನೆ ಬಹುಕಾಲ ತಾಳಲಾರದು. ಹೊಗೆ ಕಾಣದ ಮರಕ್ಕೆ ಹುಳು ಹಿಡಿಯುವುದು. ಹಂಚು ಸರಿದೆಡೆ ತೊಲೆ ಕೊಳೆಯುವುದು. 1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಕುಪ್ಪಳಿಯ ಮನೆಯನ್ನು ಜೀರ್ಣೋದ್ಧಾರಗೊಳಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಕವಿಯ ಪುಸ್ತಕ, ಭಾವಚಿತ್ರಗಳೊಡನೆ ಅಡುಗೆಯ ಪಾತ್ರೆಗಳನ್ನೂ ಬೇಸಾಯದ ಉಪಕರಣಗಳನ್ನೂ ಅಲ್ಲಿ ಇರಿಸಿದುದು ವಿವೇಕದ ಕಾರ್ಯ.

2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಕವಿಯ ಪದ್ಮ ಪದಕಗಳನ್ನು ಕದ್ದೊಯ್ದರು. ನಾಡು ಮರುಗಿದುದು ಸಹಜವೇ. ಆದರೆ ಪದಕಗಳು ದಿಲ್ಲಿಯಿಂದ ಬಂದವು. 1936ರ ‘ಕಾನೂರು ಹೆಗ್ಗಡಿತಿ’ಯ ಬಾಳು ಬಂದುದು ಇಂತಹ ಜಗಲಿ, ಅಡುಗೆಮನೆ, ಕಣಗಳಿಂದ. ಹಳೆಯ ಮನೆಯನ್ನು ಉಳಿಸುವವರು ಮೊದಲು ಕಾಯಬೇಕಾದುದು ಕಳ್ಳನು ಮುಟ್ಟದ ಸಾಮಾನುಗಳನ್ನೇ. ದುಡಿದ ಆಳಿನ ಹೆಸರು ಯಾವ ಪದಕದಲ್ಲಿಯೂ ಇಲ್ಲ. ಅವನ ಅಂಗೈಯ ಗುರುತು ಗುದ್ದಲಿಯ ಕಾವಿನಲ್ಲಿ ಉಳಿದಿರುವುದು.