ಬೀದಿಗೆ ಬಂದ ತಂತಿ ಯಾರದು?

ಮನೆಗೆ ಅಂತರ್ಜಾಲದ ಸಂಪರ್ಕವನ್ನು ಯಾವ ಕಂಪನಿಯಿಂದ ಪಡೆಯಬೇಕೆಂಬುದು ಮೇಲ್ನೋಟಕ್ಕೆ ಇಂದಿನ ಪ್ರಶ್ನೆಯಂತೆ ತೋರಿದರೂ, ವಸ್ತುತಃ ಅದು ಚರಿತ್ರೆಯ ಪ್ರಶ್ನೆ. ಏಕೆಂದರೆ ನಮ್ಮ ಬೀದಿಗೆ ಮೊದಲು ತಂತಿ ಎಳೆದವರು ಯಾರು, ಆ ತಂತಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ನಮ್ಮ ಆಯ್ಕೆಯನ್ನು ಬಹುಮಟ್ಟಿಗೆ ಮೊದಲೇ ನಿರ್ಣಯಿಸಿಬಿಟ್ಟಿರುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲೇ ನೆಲೆಸಿದವನಿಗೂ, ಆ ಸೀಮೆಯಿಂದ ಹೊರಟು ಚೀನಾದ ಶಾಂಘಾಯಿಯಲ್ಲಿ ಬಾಡಿಗೆಯ ಮನೆ ಹಿಡಿದವನಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಈ ಸೀಮೆಗೂ ಚೀನಾಕ್ಕೂ ಇರುವ ನಂಟು ರೇಷ್ಮೆಯದು, ಅದೂ ಸ್ನೇಹಕ್ಕಿಂತ ಸ್ಪರ್ಧೆಯ ನಂಟು. ಚೀನಾ ರೇಷ್ಮೆ ಬಂತೆಂದರೆ ಗೂಡಿನ ಬೆಲೆ ಬೀಳುವುದೆಂಬ ಭಯ ಹಿಪ್ಪುನೇರಳೆ ಬೆಳೆದವನಿಗೂ, ನೂಲು ಬಿಚ್ಚುವ ರೀಲರಿಗೂ ಸದಾ ಇದ್ದುದೇ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 5ಕ್ಕೆ ಇಳಿಸಿದಾಗ ಆ ಭಯ ಬೀದಿಗಿಳಿದ ಪ್ರತಿಭಟನೆಯಾಗಿ ಪರಿಣಮಿಸಿತು. ಇಂತಹ ಕಸುಬಿನಲ್ಲಿ ದೂರದ ಬೆಲೆಯ ವಾರ್ತೆ ಬೇಗ ಬರುವುದೂ ಒಂದು ಬಂಡವಾಳವೇ. ಆದರೆ ಟ್ರಂಕ್ ಕರೆಯನ್ನು ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂದು ಹೇಳಿ, ಫೋನಿನ ಬಳಿ ಕಾದು ಕೂರಬೇಕಾಗಿದ್ದ ಕಾಲದಲ್ಲಿ ಕಂಪನಿಯನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಇದ್ದುದು ಸರ್ಕಾರದ ಒಂದೇ ದೂರಸಂಪರ್ಕ ಇಲಾಖೆ, ಅದರ ಕಾಯುವವರ ಪಟ್ಟಿ ಮಾತ್ರ ದೀರ್ಘವಾಗಿತ್ತು.

ಆ ಸ್ಥಿತಿ ಹಳ್ಳಿಗಳಲ್ಲಿ ಬದಲಾಗತೊಡಗಿದುದು ಕರ್ನಾಟಕದ ನೆಲದಿಂದಲೇ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯು ಗ್ರಾಮಗಳ ಧೂಳು ಬಿಸಿಲುಗಳನ್ನು ತಾಳುವಂತೆ ರೂಪಿಸಿದ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವು ಮೊಟ್ಟಮೊದಲು 1986ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ತರುವಾಯ ಎಸ್‌ಟಿಡಿ ಬೂತುಗಳು ಊರೂರಿಗೂ ಬಂದವು. ಅಂತರ್ಜಾಲವು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರಲ್ಲಿ. ಇಲಾಖೆಯ ತಂತಿಗಳೆಲ್ಲ ಬಿಎಸ್‌ಎನ್‌ಎಲ್ ಪಾಲಾದದ್ದು 2000ದಲ್ಲಿ. ಪಟ್ಟಣಗಳಲ್ಲಿ ಟಿವಿಗಾಗಿ ಕೇಬಲ್ ಎಳೆದಿದ್ದವರು ಅದೇ ಕಂಬಗಳ ಮೇಲೆ ಅಂತರ್ಜಾಲವನ್ನೂ ಮಾರತೊಡಗಿದರು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯು ಆಪ್ಟಿಕಲ್ ಫೈಬರ್ ಎಳೆಯನ್ನು ಗ್ರಾಮ ಪಂಚಾಯಿತಿಯವರೆಗೆ ಒಯ್ಯುವ ಸಂಕಲ್ಪ ಮಾಡಿತಾದರೂ, ಪಂಚಾಯಿತಿಯ ಗೋಡೆಯಿಂದ ಮನೆಯ ಗೋಡೆಗಿರುವ ಕೊನೆಯ ಅಂತರವೇ ಎಲ್ಲಕ್ಕಿಂತ ದುಸ್ತರವೆಂದು ನನ್ನ ಎಣಿಕೆ. ಇಂದು ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆದು, ರೀಲರು ಮೊಬೈಲಿನಲ್ಲೇ ಲಾಟಿಗೆ ಬೆಲೆ ಕೂಗುವುದರಿಂದ, ಸಿಗ್ನಲ್ ಹೋದರೆ ಲಾಟೂ ಹೋಯಿತು.

ಚೀನಾದಲ್ಲಿಯೂ ಕಥೆ ಇದೇ ಬಗೆಯದು, ಗಾತ್ರ ಮಾತ್ರ ಹಿರಿದು. 2003ರಲ್ಲಿ ಇನ್ಫೋಸಿಸ್ ಶಾಂಘಾಯಿಯಲ್ಲಿ ಅಂಗಸಂಸ್ಥೆಯನ್ನು ಸ್ಥಾಪಿಸಿದ ಸುಮಾರಿಗೆ ಅಲ್ಲಿನ ದೂರವಾಣಿ ಸಾಮ್ರಾಜ್ಯವು ಹಿಂದಿನ ವರ್ಷವಷ್ಟೇ ಎರಡಾಗಿ ಹಂಚಿಹೋಗಿತ್ತು: ಉತ್ತರದ 10 ಪ್ರಾಂತಗಳ ತಂತಿ ಚೈನಾ ನೆಟ್‌ಕಾಮ್‌ಗೆ, ಉಳಿದ 21ರದು ಚೈನಾ ಟೆಲಿಕಾಮ್‌ಗೆ. 2008ರಲ್ಲಿ ನೆಟ್‌ಕಾಮ್ ಚೈನಾ ಯುನಿಕಾಮ್‌ನಲ್ಲಿ ಲೀನವಾಯಿತು; ಚೈನಾ ಮೊಬೈಲ್‌ಗೆ ಮನೆಗಳಿಗೆ ತಂತಿಯ ಸೇವೆ ಕೊಡುವ ಪರವಾನಗಿ ದೊರೆತದ್ದು 2013ರ ಡಿಸೆಂಬರಿನಲ್ಲಿ. ಆದಕಾರಣ ಬೀಜಿಂಗಿನಲ್ಲಿ ಯುನಿಕಾಮ್, ಶಾಂಘಾಯಿಯಲ್ಲಿ ಟೆಲಿಕಾಮ್ ಎಂಬ ರೂಢಿ ಇಂದಿಗೂ ಬಲವಾಗಿದೆ. ಉತ್ತರದ ಜಾಲದಿಂದ ದಕ್ಷಿಣದ ಜಾಲಕ್ಕೆ ದಾಟುವಾಗ ವೇಗ ಕುಗ್ಗುತ್ತಿದ್ದುದು ಆ ವಿಭಜನೆಯ ಪ್ರಸಿದ್ಧ ಪೀಡೆಯಾಗಿತ್ತು. ಪಾಸ್‌ಪೋರ್ಟ್ ತೋರಿಸಿ ಹೆಸರು ನೋಂದಾಯಿಸಿದರೆ ಪರದೇಶಿಗೂ ಸಂಪರ್ಕ ಸಿಗುತ್ತದೆ, ಆದರೆ ಯಾರದೇ ಸಂಪರ್ಕವಾದರೂ ದೇಶದ ಗಡಿಯ ಶೋಧಕವನ್ನು ಹಾದೇ ಹೊರಗೆ ಬರಬೇಕು.

ಆ ಶೋಧಕದ ತಾಪವನ್ನು ಉಂಡವರು ನಮ್ಮವರೇ. 2017ರಲ್ಲಿ ಚೀನಾ ವಾಟ್ಸಾಪನ್ನು ತಡೆಯಿತು. ಅಲ್ಲಿಗೆ ಹೋದ ಮಗನು ಚೀನಾದವರ ವಿಚಾಟ್ ಹಿಡಿದು ಊರಿನ ತಾಯಿಗೂ ಅದನ್ನೇ ಕಲಿಸಿಕೊಟ್ಟನೆನ್ನಿ, 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವಿಚಾಟೂ ಸೇರಿತ್ತು. ಎರಡು ದೇಶಗಳ ಮುನಿಸಿನ ನಡುವೆ ಕುಟುಂಬಕ್ಕೆ ಸುಲಭವಾಗಿ ಉಳಿದದ್ದು ನಿಮಿಷಕ್ಕಿಷ್ಟೆಂದು ಹಣ ತೆತ್ತು ಮಾಡುವ ಹಳೆಯ ಐಎಸ್‌ಡಿ ಕರೆ.

ಚೀನಾಕ್ಕೆ ಹೊರಟಿರುವ ವಾಚಕರು ಕಂಪನಿಗಳ ಜಾಹೀರಾತನ್ನು ತೂಗುತ್ತ ಕೂರದೆ, ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ಆ ಕಟ್ಟಡಕ್ಕೆ ಯಾರ ತಂತಿ ಬಂದಿದೆಯೆಂದು ನೆರೆಮನೆಯವರನ್ನು ವಿಚಾರಿಸಿಕೊಳ್ಳಲಿ. ಊರಿಗೆ ಮಾತನಾಡುವ ಮಾರ್ಗ ಯಾವುದೆಂಬುದನ್ನು ವಿಮಾನ ಹತ್ತುವ ಮೊದಲೇ ಮನೆಯವರೊಡನೆ ನಿಶ್ಚಯಿಸಿಕೊಳ್ಳಲಿ.