ದಾದಿ ಕಂಡದ್ದಕ್ಕೆ ಹೆಸರೇನು?

ಪಾರ್ಶ್ವವಾಯು ಬಡಿದ ರೋಗಿಯೊಬ್ಬ ಆಸ್ಪತ್ರೆ ಸೇರುತ್ತಾನೆ. ವೈದ್ಯರು ಪರೀಕ್ಷಿಸಿ, ಕೇಸ್ ಷೀಟಿನಲ್ಲಿ ರೋಗದ ಹೆಸರು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆಮೇಲೆ ಹಗಲಿರುಳೂ ಅವನ ಬಳಿ ಇರುವವರು ದಾದಿಯರು. ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾದೀತು. ನೀರು ಕುಡಿಸುವಾಗ ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದೀತು. ಮಾತು ಹೊರಡದೆ ಅವನು ಒಳಗೊಳಗೇ ಕುದಿಯುತ್ತಿದ್ದಾನೆ. ಇದನ್ನೆಲ್ಲ ಮೊದಲು ಕಾಣುವವರೂ ಅವರೇ. ಆದರೆ ಹೀಗೆ ಕಂಡದ್ದಕ್ಕೆ ಹೆಸರುಂಟೆ? ಹೆಸರಿಡುವ ಅಧಿಕಾರ ದಾದಿಗೆ ಉಂಟೆ? ಈ ಪ್ರಶ್ನೆಯನ್ನು ಹಿಡಿದು ಅಮೆರಿಕದ ದಾದಿಯರು ನಡೆಸಿದ ಪ್ರಯತ್ನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ರೋಗಿಯನ್ನು ಸೂಕ್ಷ್ಮವಾಗಿ ಗಮನಿಸುವುದೇ ದಾದಿಯ ಮುಖ್ಯ ಗುಣವೆಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಸಾರಿದ್ದರು. ಆದರೆ ಗಮನಿಸುವುದು ಬೇರೆ, ತೀರ್ಮಾನಿಸುವುದು ಬೇರೆ. ನಿದಾನ, ಅಂದರೆ ಡಯಾಗ್ನೋಸಿಸ್, ವೈದ್ಯರ ಸ್ವತ್ತಾಗಿಯೇ ಉಳಿಯಿತು. 1953ರಲ್ಲಿ ವೀರಾ ಫ್ರೈ ಎಂಬ ದಾದಿ ತಮ್ಮ ಲೇಖನವೊಂದರಲ್ಲಿ ‘ಶುಶ್ರೂಷಾ ನಿದಾನ’ ಎಂಬ ಮಾತನ್ನು ಬಳಸಿದರು. ಎರಡೇ ವರ್ಷಗಳಲ್ಲಿ, 1955ರಲ್ಲಿ, ದಾದಿಯರದ್ದೇ ಸಂಸ್ಥೆಯಾದ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಶುಶ್ರೂಷೆಯ ವ್ಯಾಖ್ಯೆಯೊಂದನ್ನು ಸಿದ್ಧಪಡಿಸಿತು. ರೋಗನಿದಾನವಾಗಲಿ ಚಿಕಿತ್ಸೆ ಸೂಚಿಸುವುದಾಗಲಿ ದಾದಿಯ ಕೆಲಸವಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು.

ಕಾನೂನಿನಲ್ಲಿ ದೊಡ್ಡ ತಿರುವು ಬಂದದ್ದು 1972ರಲ್ಲಿ. ಆರೋಗ್ಯದ ತೊಂದರೆಗೆ ಮನುಷ್ಯ ತೋರುವ ಪ್ರತಿಕ್ರಿಯೆಯನ್ನು ಗುರುತಿಸಿ ಉಪಚರಿಸುವುದು ದಾದಿಯ ಕೆಲಸವೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು. ರೋಗ ವೈದ್ಯರ ಪಾಲಿಗೆ, ರೋಗಿಯ ಪಾಡು ದಾದಿಯ ಪಾಲಿಗೆ ಎಂದು ಇದನ್ನು ಸರಳವಾಗಿ ಹೇಳಬಹುದು. ಸಕ್ಕರೆ ಕಾಯಿಲೆ ಇಬ್ಬರಿಗೂ ಒಂದೇ. ಆದರೆ ಒಬ್ಬನಿಗೆ ಪಥ್ಯ ತಿಳಿಯದು, ಇನ್ನೊಬ್ಬನಿಗೆ ಸೂಜಿಯೆಂದರೆ ಭಯ. ದಾದಿಯ ಕಣ್ಣಿಗೆ ಇವೆರಡೂ ಬೇರೆ ಬೇರೆ ಸಮಸ್ಯೆಗಳು.

ಮರುವರ್ಷವೇ, 1973ರಲ್ಲಿ, ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದ ಕ್ರಿಸ್ಟೀನ್ ಗೆಬ್ಬಿ ಮತ್ತು ಮೇರಿ ಆನ್ ಲೇವಿನ್ ರಾಷ್ಟ್ರೀಯ ಸಮ್ಮೇಳನವೊಂದನ್ನು ಕರೆದರು. ಆಸ್ಪತ್ರೆಯ ದಾಖಲೆಗಳು ಕಂಪ್ಯೂಟರಿಗೆ ಏರತೊಡಗಿದ್ದ ಕಾಲವದು. ವೈದ್ಯರು ಕಂಡ ರೋಗಗಳಿಗೆ ಹೆಸರಿತ್ತು, ಪಟ್ಟಿಯಿತ್ತು. ದಾದಿಯರು ಕಂಡ ಸಮಸ್ಯೆಗಳಿಗೆ ಎರಡೂ ಇರಲಿಲ್ಲ. ಸಮ್ಮೇಳನದಲ್ಲಿ ಅಕಾರಾದಿಯಾಗಿ ಒಂದು ಪಟ್ಟಿ ಸಿದ್ಧವಾಯಿತು. 1982ರಲ್ಲಿ ಕೆನಡಾದ ದಾದಿಯರೂ ಸೇರಿ ‘ನಾಂಡಾ’ ಸಂಸ್ಥೆ ಹುಟ್ಟಿಕೊಂಡಿತು. ಮಾರ್ಜರಿ ಗಾರ್ಡನ್ ಅದರ ಮೊದಲ ಅಧ್ಯಕ್ಷೆ. ಸಮಸ್ಯೆ, ಅದರ ಕಾರಣ, ಅದರ ಕುರುಹು ಎಂಬ ಮೂರು ಭಾಗಗಳಲ್ಲಿ ನಿದಾನವನ್ನು ಬರೆಯುವ ಕ್ರಮವನ್ನು ಬಳಕೆಗೆ ತಂದವರೂ ಅವರೇ. ಇದಕ್ಕೂ ಮೊದಲು, 1980ರಲ್ಲಿ, ಅಮೆರಿಕನ್ ನರ್ಸಸ್ ಅಸೋಸಿಯೇಷನ್ ತಾನು ಕಾಲು ಶತಮಾನದ ಹಿಂದೆ ನಿರಾಕರಿಸಿದ್ದ ‘ನಿದಾನ’ ಎಂಬ ಪದವನ್ನು ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿತ್ತು.

ಬರಿಯ ಪದಗಳಿಗಾಗಿ ಇಷ್ಟೆಲ್ಲ ಹೋರಾಟ ಏಕೆ? ಅಮೆರಿಕದ ಆಸ್ಪತ್ರೆಗಳ ಬಿಲ್ಲಿನಲ್ಲಿ ದಾದಿಯ ದುಡಿಮೆ ಬಹುಕಾಲ ಕೋಣೆಯ ಬಾಡಿಗೆಯೊಳಗೇ ಅಡಗಿತ್ತು. ಲೆಕ್ಕಕ್ಕೆ ಸಿಗದ ಕೆಲಸಕ್ಕೆ ಹಣವೂ ಸಿಗದು, ಆಳೂ ಸಿಗದು. ಹೆಸರಿಲ್ಲದ ಕೆಲಸವನ್ನು ಕಲಿಸುವುದೂ ಕಷ್ಟ, ಸರ್ಕಾರದ ನೀತಿಯೊಳಗೆ ತರುವುದೂ ಕಷ್ಟವೆಂದು ಬ್ರಿಟನ್ನಿನ ಜೂನ್ ಕ್ಲಾರ್ಕ್ ಹಾಗೂ ಅಮೆರಿಕದ ನಾರ್ಮಾ ಲ್ಯಾಂಗ್ 1992ರಲ್ಲಿ ವಾದಿಸಿದರು. ಅಂತರರಾಷ್ಟ್ರೀಯ ದಾದಿಯರ ಮಂಡಳಿಯೂ 1989ರ ಸೋಲ್ ಸಭೆಯಲ್ಲಿ ಎಲ್ಲ ದೇಶಗಳಿಗೂ ಹೊಂದುವ ಪದಪಟ್ಟಿಯೊಂದು ಬೇಕೆಂದು ನಿರ್ಣಯಿಸಿತ್ತು.

ಆದರೆ ವಾರ್ಡಿನಲ್ಲಿ ದುಡಿಯುವ ದಾದಿಯರೆಲ್ಲ ಈ ಪದಗಳನ್ನು ಒಪ್ಪಿ ತಲೆದೂಗಲಿಲ್ಲ. ‘ಕೆಮ್ಮಲು ಶಕ್ತಿಯಿಲ್ಲ, ಕಫ ಹೊರಬರುತ್ತಿಲ್ಲ’ ಎಂದರೆ ಪಾಳಿ ಬದಲಾಗುವಾಗ ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನೇ ‘ವಾಯುಮಾರ್ಗದ ಪರಿಣಾಮಕಾರಿಯಲ್ಲದ ಶುದ್ಧೀಕರಣ’ ಎಂದು ಬರೆದರೆ ರೋಗಿಗೆ ಆಗುವ ಲಾಭವೇನು ಎಂಬುದು ಅವರ ಆಕ್ಷೇಪ. 1973ರಿಂದಲೇ ಪಟ್ಟಿಯಲ್ಲಿದ್ದ ‘ನಾನ್‌ಕಂಪ್ಲಯನ್ಸ್’, ಅಂದರೆ ಹೇಳಿದ್ದನ್ನು ಪಾಲಿಸದಿರುವುದು, ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವ ಪದವೆಂಬ ಟೀಕೆಯೂ ಬಂತು. ಔಷಧಿ ಕೊಳ್ಳಲು ಕಾಸಿಲ್ಲದವನನ್ನೂ ಅದು ಮಾತು ಕೇಳದವರ ಸಾಲಿಗೆ ಸೇರಿಸಬಲ್ಲದು.

1994ರಲ್ಲಿ ಪಟ್ಟಿ ಸೇರಿದ ‘ಶಕ್ತಿವಲಯದ ಏರುಪೇರು’ ಇನ್ನೂ ದೊಡ್ಡ ವಿವಾದವಾಯಿತು. ಮೈ ಮುಟ್ಟದೆಯೇ, ಅಂಗೈಯಿಂದ ರೋಗಿಯ ಶಕ್ತಿವಲಯವನ್ನು ಅರಿಯಬಹುದೆಂಬ ನಂಬಿಕೆ ಅದರ ಹಿಂದಿತ್ತು. ಎಮಿಲಿ ರೋಸಾ ಎಂಬ ಶಾಲಾ ಬಾಲಕಿ ಇದನ್ನು ಪರೀಕ್ಷೆಗೆ ಒಡ್ಡಿದಳು. ತೆರೆಯ ಆಚೆ ಕುಳಿತ 21 ಮಂದಿ ಚಿಕಿತ್ಸಕರು, ಅವಳ ಕೈ ತಮ್ಮ ಯಾವ ಕೈಗೆ ಹತ್ತಿರವಿದೆ ಎಂದು ಹೇಳಬೇಕಿತ್ತು. 280 ಪ್ರಯತ್ನಗಳಲ್ಲಿ ಉತ್ತರ ಸರಿಯಾದದ್ದು ಶೇ 44ರಷ್ಟು ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಇದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರಿಟ್ಟ ಮಾತ್ರಕ್ಕೆ ವಸ್ತು ಇದ್ದೇ ಇರುತ್ತದೆಂದು ಹೇಳಲಾಗದು ಎಂಬ ಪಾಠ ಇದರಿಂದ ದೊರೆಯಿತು.

ಇಂದು ನಾಂಡಾ ಪಟ್ಟಿಯಲ್ಲಿ 250ಕ್ಕೂ ಹೆಚ್ಚು ನಿದಾನಗಳಿವೆ. ಕರ್ನಾಟಕದ ನರ್ಸಿಂಗ್ ವಿದ್ಯಾರ್ಥಿಗಳೂ ತಮ್ಮ ಕೇರ್ ಪ್ಲಾನಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಎದುರಿಗಿರುವ ರೋಗಿ ಮಾತ್ರ ‘ಎದೆ ಹಿಡಿದ ಹಾಗಾಗ್ತದೆ, ಉಸಿರು ಕಟ್ತದೆ’ ಎನ್ನುತ್ತಾನೆ. ಆ ಮಾತಿನ ಹಿಂದಿರುವುದು ಕಫವೋ, ನೋವೋ, ಭಯವೋ ಎಂದು ಬಿಡಿಸಿಕೊಳ್ಳಬೇಕಾದವರು ದಾದಿಯರು. ಪಟ್ಟಿ ಅದಕ್ಕೆ ನೆರವಾಗಬಹುದು. ಅವರು ಕಂಡದ್ದು ಕೇಸ್ ಷೀಟಿನಲ್ಲಿ ಉಳಿಯುವಂತೆಯೂ ಮಾಡಬಹುದು. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ಕಾಣುವ ಕಣ್ಣು ಮೊದಲು, ಹೆಸರು ಆಮೇಲೆ.